ಅರ್ಧ ಗಾಜಿನ ಕಾಂತರಾಜು

ಹುಣಸೂರಿನಿಂದ ಕೃಷ್ಣರಾಜನಗರದವರೆಗೆ ಕಿಟಕಿಗೆ ಗಾಜು ಹಾಕಿಸಿದವರೆಲ್ಲ ಕಾಂತರಾಜುವನ್ನು ಬಲ್ಲರು. ಜನ ಒದ್ದೆ ಪೇಪರಿನಿಂದ ಗಾಜು ಉಜ್ಜುತ್ತಿದ್ದ ಕಾಲದಲ್ಲಿ ಹಿಡಿಯುಳ್ಳ ರಬ್ಬರ್ ಪಟ್ಟಿ ಮಾರಲು ಬಂದವನು ಅವನು. ಸೋಪುನೀರು ಬಳಿದು, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಒಂದು ಪಕ್ಕದ ಅರ್ಧ ಗಾಜು ಮುಗಿದದ್ದೇ ಸರಿಯಾಗಿ ನಿಲ್ಲಿಸಿಬಿಡುತ್ತಿದ್ದ. “ಮಿಕ್ಕಿದ್ದು ನಿಮ್ಮ ಕೈಲೇ ಆಗ್ಲಿ ಕಣ್ರೀ!” ಉಳಿದರ್ಧದ ಕೊಳೆ ನೋಡಲಾರದೆ ಎಂಥ ಜಿಪುಣನೂ ಪಟ್ಟಿ ಕೊಳ್ಳುತ್ತಿದ್ದ. ಬಿಳಿಕೆರೆಯ ಹೋಟೆಲಿನ ಸಿದ್ದಯ್ಯ ಮಾತ್ರ, “ಅರ್ಧ ತಲೆ ಬೋಳಿಸಿ ಎದ್ದೋಯ್ತೀಯಲ್ಲೋ!” ಎಂದು ಬೈದುಕೊಂಡೇ ಕೊಂಡ. ಒಂದು ದಿನ ಕಾಂತರಾಜು ಬೆಳಗಿನಿಂದ ಏನೂ ಮಾರಾಟವಾಗದೆ ಹನಗೋಡಿನ ಕೊನೆಯ ಮನೆಗೆ ಬಂದ. ಅರ್ಧ ಗಾಜು ಬೆಳಗುತ್ತಲೇ ಆ ಮನೆಯ ಸೊಸೆ ಶಾಂತಲಾ ಸೆರಗಿನ ಗಂಟಿಗೆ ಕೈಹಾಕಿದಳು. ಸೊಂಟ ಮುರಿದು ಕಿಟಕಿಯ ಬಳಿ ಮಲಗಿದ್ದ ಅತ್ತೆ ಚಾಮುಂಡಮ್ಮ, “ಬಸ್ಸು ಬರೋದು ಕಾಣ್ತದೆ ಕಣಪ್ಪ, ಓಗೋದು ಕಾಣಾಕಿಲ್ಲ,” ಎಂದರು. ಕಾಂತರಾಜು ಮಿಕ್ಕರ್ಧವನ್ನೂ ಒರೆಸಿದ. “ಎಲ್ಲಾ ಆಯ್ತಲ್ಲ, ಇನ್ನು ಪಟ್ಟಿ ಯಾಕೆ ಬುಡಿ,” ಎಂದು ಶಾಂತಲಾ ಗಂಟು ಬಿಗಿದಳು. ಮಾರದ ಪಟ್ಟಿಗಳೊಂದಿಗೆ ಅವನು ಬಸ್ಸು ಹತ್ತಿದ. ಬಸ್ಸು ಆ ಮನೆ ದಾಟುವಾಗ, ಚಾಮುಂಡಮ್ಮನವರ ಕೈ ಗಾಜಿನ ಈ ತುದಿಯಿಂದ ಆ ತುದಿಯವರೆಗೂ ಅವನನ್ನು ಬೀಳ್ಕೊಡುತ್ತ ಜೊತೆಯಲ್ಲೇ ಬಂತು.