ಅಣ್ಣನ ಧ್ವನಿಯನ್ನು ನಾನೇ ಅಳಿಸಿದ ವಾರ

ಸೋಮವಾರ ಬೆಳಗ್ಗೆ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದೆ.

ಈ ವಾರ ಕೆಲಸದ ರೀತಿಯನ್ನು ಸ್ವಲ್ಪ ಸರಿ ಮಾಡಿಕೊಳ್ಳಬೇಕು ಎಂದು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದೆ. ಮಧ್ಯಾಹ್ನದವರೆಗೆ ಫೋನ್ ಮುಟ್ಟಬಾರದು. ಕೋಡ್ ಬರೆಯುವ ಮೊದಲು ಪೇಪರಿನ ಮೇಲೆ ಬರೆಯಬೇಕು. ಹಳೆಯ ಫೈಲುಗಳನ್ನು ಗುಡಿಸಬೇಕು. ತಿಂಡಿ ಬಿಡಬಾರದು.

ನಾನು ಓದಿದ್ದು ಡಿಪ್ಲೊಮಾ. ಕೋಡ್ ಕಲಿಸಿದ್ದು ಅಣ್ಣ.

ಅರಸೀಕೆರೆ ಬಸ್ ಸ್ಟ್ಯಾಂಡ್ ಪಕ್ಕದ ಮಹಡಿ ರೂಮಿನಲ್ಲಿ ಕೂತು ನಾವಿಬ್ಬರೂ ತೆಂಗಿನ ತೋಟದವರಿಗಾಗಿ ಮೋಟರಿಗೆ ಜೋಡಿಸುವ ಒಂದು ಪೆಟ್ಟಿಗೆ, ಅದಕ್ಕೊಂದು ಪ್ರೋಗ್ರಾಂ ಮಾಡಿದ್ದೆವು. ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಇರುವುದು ದಿನಕ್ಕೆ ಕೆಲವೇ ಗಂಟೆ. ಅದು ಬಂದ ಕೂಡಲೇ ಬೋರ್‌ವೆಲ್ ಮೋಟರ್ ತಾನೇ ಶುರುವಾಗುತ್ತದೆ. ತೋಟದವರಿಗೆ ಒಂದು ಕಾಲ್ ಹೋಗಿ ವಿಷಯ ತಿಳಿಸುತ್ತದೆ. ಕಾಲ್‌ನಲ್ಲಿ ಮಾತಾಡುವುದು ಅಣ್ಣನ ಧ್ವನಿ, ಅವನೇ ರೆಕಾರ್ಡ್ ಮಾಡಿದ್ದು.

ಅಣ್ಣ ಹೋಗಿ ಎಂಟು ತಿಂಗಳು. ಅವತ್ತಿನಿಂದ ನನ್ನ ಲ್ಯಾಪ್‌ಟಾಪ್ ಮ್ಯೂಟ್‌ನಲ್ಲೇ ಇದೆ...

ಪೇಪರಿನ ಅಭ್ಯಾಸ ನಿಜಕ್ಕೂ ಉಪಯೋಗಕ್ಕೆ ಬಂತು. ಬಾಣಾವರದ ಒಂದು ತೋಟಕ್ಕೆ ಎರಡೆರಡು ಸಲ ಕಾಲ್ ಹೋಗುತ್ತಿತ್ತು. ಆ ತಪ್ಪು ಮಂಗಳವಾರ ಪೆನ್ಸಿಲ್ಲಿನಲ್ಲೇ ಸಿಕ್ಕಿತು. ತಿಂಡಿ ಮಾತ್ರ ಎರಡು ದಿನವೂ ಬಿಟ್ಟೆ.

ಬುಧವಾರ ಗುಡಿಸುವ ಕೆಲಸ. ಬೇಡದ ಫೈಲುಗಳ ಜೊತೆ ಅಣ್ಣನ ಧ್ವನಿಯ ಫೈಲುಗಳನ್ನೂ ತೆಗೆದೆ. ಅವುಗಳ ಜಾಗಕ್ಕೆ ಕಂಪ್ಯೂಟರ್ ಧ್ವನಿ ಹಾಕಿದೆ. ಯಾವ ಮಾತು ಬೇಕಾದರೂ ಟೈಪ್ ಮಾಡಿದರೆ ಸಾಕು, ಅದು ಓದುತ್ತದೆ, ಕೆಲಸ ಹಗುರವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ನಿಜ ಬೇರೆ ಇತ್ತು. ಆ ಫೈಲುಗಳ ಹೆಸರು ಕಂಡರೂ ನನ್ನ ಕೈ ನಿಲ್ಲುತ್ತಿತ್ತು.

ಗುರುವಾರ ಮಧ್ಯಾಹ್ನ ಡಬ್ಬದ ಮುಚ್ಚಳ ತೆಗೆದರೆ ಒಂಬತ್ತು ಮಿಸ್ಡ್ ಕಾಲ್. ಎಲ್ಲವೂ ಕಣಕಟ್ಟೆಯ ಸಿದ್ದಮ್ಮಜ್ಜಿಯವು. ನಮ್ಮ ಮೋಟರ್ ಪೆಟ್ಟಿಗೆಯನ್ನು ಮೊದಲು ಹಾಕಿಸಿಕೊಂಡವರೇ ಅವರು. ತಿರುಗಿ ಕಾಲ್ ಮಾಡಿದೆ.

"ಏನವ್ವ, ನಮ್ಮುಡ್ಗ ಎಲ್ಲೋದ? ಯಾವ್ಳೋ ಮಾತಾಡ್ತಾವ್ಳೆ, ನೆಗಡಿ ಬಂದೋಳಂಗೆ!"

ಪಾಪ, ಅಜ್ಜಿಗೆ ಗೊತ್ತಿಲ್ಲವೇನೋ ಅಂದುಕೊಂಡೆ. "ಅಜ್ಜಿ, ಅಣ್ಣ ತೀರಿಕೊಂಡು..." ಎಂದು ಶುರು ಮಾಡಿದೆ.

"ಗೊತ್ತೈತೆ ಕಣವ್ವ. ತಿಥಿಗೂ ಬಂದಿದ್ದೆ, ನೀನೇ ನೀರು ಕೊಟ್ಟೆ. ಅವ್ನು ಹೋದ, ಸರಿ. ದಿನಾ ಫೋನ್ ಮಾಡ್ತಿದ್ನಲ್ಲ, ಅದನ್ಯಾಕೆ ನಿಲ್ಸ್ದೆ?"

"ಮತ್ತೆ ಹಾಕ್ತೀನಿ ಅಜ್ಜಿ" ಎಂದು ಫೋನ್ ಇಟ್ಟೆ.

ಶುಕ್ರವಾರ ಅಣ್ಣನ ಧ್ವನಿಯ ಫೈಲುಗಳನ್ನು ಹುಡುಕಲು ಕೂತೆ. ಸರ್ವರ್‌ನಲ್ಲಿ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಇಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ನಾನೇ ಖಾಲಿ ಮಾಡಿದ್ದೆ. ಅಷ್ಟು ಅಚ್ಚುಕಟ್ಟಾಗಿ ಗುಡಿಸಿದ್ದೆ...

ಕೋಡ್ ಬರೆಯುವ ನಾವು ದಿನದ ಕೆಲಸವನ್ನು ಒಂದು ಸಾಲಿನ ಟಿಪ್ಪಣಿ ಬರೆದು ಉಳಿಸುತ್ತೇವೆ. ಹಳೆಯ ಪ್ರತಿಗಳು ಅಳಿಯದೆ ಒಂದರ ಕೆಳಗೆ ಒಂದು ಇರುತ್ತವೆ. ಆದರೆ ಧ್ವನಿಯ ಫೈಲುಗಳು ದೊಡ್ಡವು, ಅವನ್ನು ಅಲ್ಲಿ ಇಡುವುದು ವಾಡಿಕೆಯಲ್ಲ. ಅಣ್ಣ ಇಟ್ಟಿರುತ್ತಾನೆಯೇ?

ಮೂರು ವರ್ಷದ ಟಿಪ್ಪಣಿಗಳನ್ನು ಒಂದೊಂದಾಗಿ ಓದುತ್ತಾ ಕೆಳಗಿಳಿದೆ. ಸಿಕ್ಕಿತು.

"ಧ್ವನಿ ಹಾಕಿದೆ. ಹಿಂದೆ ಬೇಲೂರು ಬಸ್ಸಿನವನು ಕೂಗ್ತಿದಾನೆ. ಇರಲಿ."

ಎಲ್ಲ ಫೈಲುಗಳೂ ಅಲ್ಲೇ ಇದ್ದವು. ಮೊದಲಿನ ಜಾಗಕ್ಕೆ ಸೇರಿಸಿದೆ. ಆದರೂ ಕೇಳಲು ಧೈರ್ಯ ಬರಲಿಲ್ಲ, ಮ್ಯೂಟ್ ತೆಗೆಯಲಿಲ್ಲ.

ಸರಿಯಾಗಿ ಕಾಲ್ ಹೋಗುತ್ತದೆಯೋ ಇಲ್ಲವೋ ನೋಡೋಣ ಎಂದು ಶನಿವಾರ ಬೆಳಗ್ಗೆಯೇ ಕಣಕಟ್ಟೆಯ ಬಸ್ ಹತ್ತಿದೆ. ಅಜ್ಜಿ ಜಗಲಿಯ ಮೇಲೆ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಅದು ರಿಂಗ್ ಆಯಿತು. ಅಜ್ಜಿ ಸ್ಪೀಕರ್ ಒತ್ತಿದರು.

"ಮೋಟರ್ ಆನ್ ಆಗಿದೆ ಕಣ್ರೀ. ಇನ್ನು ನೀವು ಹೋಗಿ ತಿಂಡಿ ತಿನ್ನಿ."

ಹಿಂದಿನಿಂದ ಕಂಡಕ್ಟರ್ ಕೂಗು... "ಬೇಲೂರ್ ಬೇಲೂರ್, ಹಳೇಬೀಡ್..."

ನಾವಿಬ್ಬರೂ ಪೇಪರಿನಲ್ಲಿ ಬರೆದಿದ್ದು ಮೊದಲ ವಾಕ್ಯ ಮಾತ್ರ. ತಿಂಡಿಯ ಮಾತನ್ನು ಅವನು ಯಾವಾಗ ಸೇರಿಸಿದನೋ, ನನಗೆ ಗೊತ್ತೇ ಇರಲಿಲ್ಲ.

ಅಜ್ಜಿ ಫೋನಿಗೆ ಬಾಯಿಟ್ಟು ಹೇಳಿದರು. "ಆಯ್ತು ಕಣಪ್ಪ, ತಿಂತೀನಿ. ನೀನು ಹತ್ತು, ಬಸ್ಸು ಹೊಂಟೋಯ್ತದೆ."

ಬಾಗಿಲಲ್ಲಿ ನಿಂತಿದ್ದ ಅವರ ಸೊಸೆ ನಕ್ಕರು. "ದಿನಾ ಇದೇ ಕಣಕ್ಕ. ನಾನು ಹತ್ತು ಸಲ ಕರುದ್ರೂ ಬರಲ್ಲ. ನಿಮ್ಮಣ್ಣ ಒಂದು ಸಲ ಹೇಳುದ್ರೆ ತಟ್ಟೆ ಮುಂದೆ ಕೂತ್ಕತಾರೆ. ಎರಡು ದಿನದಿಂದ ರೊಟ್ಟಿನೇ ಮುಟ್ಟಿಲ್ಲ."

ಎಂಟು ತಿಂಗಳಿಂದ ನಾನು ಅಣ್ಣ ಇಲ್ಲ ಎಂದು ಆ ರೂಮಿನಲ್ಲಿ ಸುಮ್ಮನೆ ಕೂತಿದ್ದೆ. ಅವನು ಮಾತ್ರ ಕರೆಂಟ್ ಬಂದಾಗಲೆಲ್ಲ ಇಷ್ಟು ಮನೆಗಳಿಗೆ ಹೋಗಿ, ತಿಂಡಿ ತಿನ್ನಿ ಎಂದು ಹೇಳಿ ಬರುತ್ತಿದ್ದ. ಇದನ್ನು ಏನೆಂದು ಕರೆಯಬೇಕೋ ನನಗೆ ಈಗಲೂ ತಿಳಿಯುತ್ತಿಲ್ಲ.

ಅಜ್ಜಿ ತಟ್ಟೆಗೆ ರೊಟ್ಟಿ ಹಾಕಿ ನನ್ನ ಕಡೆ ತಳ್ಳಿದರು. "ಯಾಕೆ ನಿಂತೇ ಇದ್ದೀಯ? ನಿಂಗೂ ಕೇಳುಸ್ತಲ್ಲ ಅವ್ನು ಹೇಳಿದ್ದು. ಕೂತ್ಕ."

ಕೂತೆ.

ನಮಗೆ ತೋಟವಿಲ್ಲ, ಮೋಟರೂ ಇಲ್ಲ. ಆದರೂ ಭಾನುವಾರ ಅಣ್ಣನ ಕಾಲ್ ಹೋಗುವ ಪಟ್ಟಿಗೆ ನನ್ನ ನಂಬರನ್ನೂ ಸೇರಿಸಿದೆ. ಈಗ ಫೋನ್ ಅಕ್ಕಿ ಡಬ್ಬದಲ್ಲಿಲ್ಲ, ಅಡುಗೆಮನೆಯ ಕಟ್ಟೆಯ ಮೇಲಿದೆ.

ನೀವೂ ಯಾರದಾದರೂ ಧ್ವನಿಯನ್ನು ಹೀಗೆ ಮ್ಯೂಟ್ ಮಾಡಿ ಇಟ್ಟುಕೊಂಡಿದ್ದೀರಾ?