ಹೆಡ್‌ಲೈಟ್ ಹಾಕಿದವರು ಮೊದಲು

ನಾನು ಕಾರು ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ, ಸೇಡಂನಿಂದ ಚಿತ್ತಾಪುರದ ಶಾಲೆಗೆ ದಿನಾ ಬಸ್ಸಿನಲ್ಲಿ ನಿಂತು ನಿಂತು ಸಾಕಾದ ಮೇಲೆ. ಆ ಕಡೆಯ ರಸ್ತೆಗಳ ತುಂಬ ಸಿಮೆಂಟ್ ಟ್ಯಾಂಕರುಗಳು, ಶಹಾಬಾದಿನ ಕಲ್ಲು ಹೇರಿಕೊಂಡ ಲಾರಿಗಳು. ಕಿರಿದಾದ ಸೇತುವೆ ಬಂದರೆ ನಮ್ಮಲ್ಲಿ ಒಂದೇ ಕಾನೂನು: ಯಾರು ಮೊದಲು ಹೆಡ್‌ಲೈಟ್ ಮಿನುಗಿಸುತ್ತಾರೋ ಅವರು ಮೊದಲು. ‘ನಾನು ಬರುತ್ತಿದ್ದೇನೆ, ನೀನು ಅಲ್ಲೇ ನಿಲ್ಲು’ ಎಂದು ಅದರ ಅರ್ಥ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದೆರಡು ಸಲ ಜೀವ ಬಾಯಿಗೆ ಬಂದ ಮೇಲೆ ತಾನಾಗಿ ಬರುತ್ತದೆ. ಹದಿನಾಲ್ಕು ವರ್ಷ ಹಾಗೆ ಓಡಿಸಿ ಕಾರಿಗೆ ಒಂದು ಗೀರೂ ಬೀಳಿಸದ ನನಗೆ ಸೊಕ್ಕು ಬಂದಿತ್ತು. ಮುಚ್ಚಿಡುವುದೇಕೆ, ಭಾರೀ ಸೊಕ್ಕೇ ಬಂದಿತ್ತು.

ನಿವೃತ್ತಿಯಾದ ವರ್ಷ ಅಕ್ಕನನ್ನು ಕರೆದುಕೊಂಡು ಸ್ಕಾಟ್ಲೆಂಡಿಗೆ ಹೋದೆ. ಪ್ರವಾಸದ ಬಸ್ಸಿನವರು ನಿಲ್ಲಿಸಿದ ಕಡೆ ಅಕ್ಕ ಊಟ ಮಾಡುವುದಿಲ್ಲ. ಅವಳ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಲು ಪ್ರಶಸ್ತ ಜಾಗವೇ ಬೇಕು. ಕೊನೆಗೆ ಮೂರು ದಿನಕ್ಕೆ ಕಾರು ಬಾಡಿಗೆಗೆ ತೆಗೆದುಕೊಂಡೆ. ಕಾರು ಕೊಟ್ಟವರು ಆ ದೇಶದ ರಸ್ತೆ ನಿಯಮಗಳ ಸಣ್ಣ ಪುಸ್ತಕವನ್ನೂ ಕೊಟ್ಟಿದ್ದರು. ಎಡಗಡೆಯೇ ಓಡಿಸುವುದು, ನಮ್ಮಂತೆಯೇ, ಎಂದು ಮೊದಲ ಪುಟದಲ್ಲಿ ಓದಿ ಉಳಿದದ್ದನ್ನು ಕೈಬಿಟ್ಟೆ. ಶಹಾಬಾದಿನ ಲಾರಿಗಳನ್ನೇ ನಿಭಾಯಿಸಿದವಳಿಗೆ ಪುಸ್ತಕವೇಕೆ?

ಎರಡನೇ ದಿನ ಮಧ್ಯಾಹ್ನ ಗುಡ್ಡದ ರಸ್ತೆಗೆ ಇಳಿದೆವು. ಒಂದೇ ಕಾರು ಹಿಡಿಸುವಷ್ಟು ಅಗಲ, ಎರಡೂ ಬದಿ ಕಲ್ಲಿನ ಗೋಡೆ, ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ಅಗಲ ಮಾಡಿದ ಜಾಗ. ಜಿಟಿಜಿಟಿ ಮಳೆ. ದೂರದಲ್ಲಿ, ಅಂಥ ಒಂದು ಅಗಲದ ಜಾಗದಲ್ಲಿ ಸಣ್ಣ ಕಾರೊಂದು ಬಂದು ನಿಂತಿತು. ನನ್ನ ಕೈ ನನ್ನನ್ನು ಕೇಳದೆಯೇ ಹೆಡ್‌ಲೈಟನ್ನು ಎರಡು ಸಲ ಮಿನುಗಿಸಿತು. ನಿಂತಿದ್ದ ಆ ಕಾರು ಹೊರಟಿತು. ನಾನೂ ವೇಗ ಹೆಚ್ಚಿಸಿ ಮುಂದೆ ಬಂದಿದ್ದೆ. ಇನ್ನೇನು ಎದುರುಬದುರು ಬಡಿಯಬೇಕು, ಅಷ್ಟರಲ್ಲಿ ಎದುರಿನವನು ತನ್ನ ಕಾರನ್ನು ಗೋಡೆಗೆ ತಿರುಗಿಸಿಬಿಟ್ಟ.

ಎಂಬತ್ತರ ಹತ್ತಿರದ ಮುದುಕ, ಪಕ್ಕದಲ್ಲಿ ಅವನ ಹೆಂಡತಿ. ಆಕೆಯ ಹಣೆ ಒಡೆದು ರಕ್ತ ಬರುತ್ತಿತ್ತು. ಅಕ್ಕ ಓಡಿಹೋಗಿ ತನ್ನ ಸೆರಗಿನಿಂದಲೇ ಒತ್ತಿ ಹಿಡಿದಳು. ಮುದುಕ ನನ್ನ ಬಳಿ ಬಂದು ಕ್ಷಮೆ ಕೇಳಿದ. ನೀವು ಲೈಟು ಹಾಕಿದಿರಿ ಎಂದುಕೊಂಡೆ, ನನ್ನ ಕಣ್ಣು ಮೋಸ ಮಾಡಿರಬೇಕು ಎಂದ. ಅವನ ಹೆಂಡತಿ, ಕಾರು ಓಡಿಸುವುದು ನಿಲ್ಲಿಸು ಎಂದು ಎಷ್ಟು ತಿಂಗಳಿಂದ ಹೇಳುತ್ತಿದ್ದೇನೆ, ಇವತ್ತಿಗೆ ಸಾಕು ಎಂದಳು. ಆಕೆಗೆ ಕಾರು ಓಡಿಸಲು ಬರುವುದಿಲ್ಲ, ಅಂಗಡಿ ಅವರ ಮನೆಯಿಂದ ಹತ್ತು ಮೈಲಿ ಎಂದೂ ಅವರ ಮಾತಿನಲ್ಲೇ ತಿಳಿಯಿತು. ಅವನು ಎದುರಾಡದೆ ಕಾರಿನ ಕೀಲಿಯನ್ನು ಆಕೆಯ ಚೀಲಕ್ಕೆ ಹಾಕಿದ.

‘ಹೌದು, ನಾನು ಲೈಟು ಹಾಕಿದ್ದೆ’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾನು ಹೇಳಲಿಲ್ಲ. ಪರದೇಶ, ಪೊಲೀಸರು, ಲೈಸೆನ್ಸು ಎಂದು ಹೆದರಿದ್ದೆ. ಇಂಗ್ಲಿಷ್ ಬಾರದ ಅಕ್ಕ ಕೇಳಿದಳು, “ಏನಂತಾನ ಅವ?”

“ತಪ್ಪು ತನ್ನದೇ ಅಂತಾನ” ಎಂದೆ.

ಹೆಸರು, ವಿಳಾಸ ಬರೆದ ಚೀಟಿಗಳನ್ನು ಬದಲಿಸಿಕೊಂಡು, ಅವರನ್ನು ಕರೆದೊಯ್ಯಲು ಪರಿಚಯದವರು ಬಂದ ಮೇಲೆ ಹೊರಟೆವು. ಮರುದಿನ ಕಾರು ಒಪ್ಪಿಸುವಾಗ ಅಲ್ಲಿಯ ಹುಡುಗಿಯನ್ನು ಸುಮ್ಮನೆ ಎಂಬಂತೆ ಕೇಳಿದೆ. ಇಲ್ಲಿ ಲೈಟು ಮಿನುಗಿಸಿದರೆ ‘ನೀವು ಬನ್ನಿ, ನಾನು ಕಾಯುತ್ತೇನೆ’ ಎಂದು ತಿಳಿಯುತ್ತಾರೆ ಎಂದಳು. ಆ ಮುದುಕ ನೋಡಿದ್ದೂ ಸರಿ, ಮಾಡಿದ್ದೂ ಸರಿ. ಅವನ ವಿಳಾಸ ನನ್ನ ಪರ್ಸಿನಲ್ಲೇ ಇತ್ತು. ಊರಿಗೆ ಹೋಗಿ ಬರೆದರಾಯಿತು ಎಂದುಕೊಂಡೆ.

ಊರಿಗೆ ಬಂದ ಮೇಲೆ ಅಕ್ಕ ಈ ಕಥೆಯನ್ನು ವಾಡಿಯಲ್ಲಿ ಹೇಳಿದಳು, ಚಿತ್ತಾಪುರದಲ್ಲಿ ಹೇಳಿದಳು. ಒಂದೊಂದು ಸಲ ಹೇಳಿದಾಗಲೂ ಮುದುಕನ ಕಣ್ಣು ಇನ್ನಷ್ಟು ಮಂಜಾಗುತ್ತಿತ್ತು. ನಾನೂ ಎಲ್ಲರ ಜೊತೆ ನಗುತ್ತಿದ್ದೆ, ಮನೆಗೆ ಬಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಚಿಂಚೋಳಿಯ ಬೀಗರ ಮನೆಯಲ್ಲಿ ಅವಳು ಅವನನ್ನು ಪೂರ್ತಿ ಕುರುಡನನ್ನಾಗಿಯೇ ಮಾಡಿದಳು. ಅವತ್ತು ವಾಪಸು ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ಮತ್ತ ಈಗ ಅವರಿಗಿ ಸಾಮಾನು ಯಾರ ತಂದುಕೊಡ್ತಾರ?” ಎಂದಳು.

ಮನೆಗೆ ಬಂದವಳೇ ಚೀಟಿ ಹುಡುಕಿ ತೆಗೆದು ಬರೆಯಲು ಕುಳಿತೆ. ಲೈಟು ಹಾಕಿದ್ದು ನಾನೇ, ನಿಮ್ಮ ಕಣ್ಣು ಸರಿಯಾಗಿವೆ ಎಂದು ಬರೆದು ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದೆ.

“ಗಾಡಿ ಮಾರಬ್ಯಾಡ್ರಿ ಅಂತನೂ ಬರಿ” ಎಂದಳು.

ಬರೆದೆ. ಅವನು ಕೀಲಿ ಕೊಟ್ಟು ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದುಹೋಗಿದ್ದವು.