ಕಡಲಿಗೆ ಹೊರಟವರಲ್ಲಿ ಕೇಳಬಾರದ ಮಾತು

ನನ್ನ ಮಗನಿಗೆ ದುಬೈಯ ಅಲ್ ಕೂಜ್‌ನಲ್ಲಿ ಒಂದು ಗೋದಾಮಿನಲ್ಲಿ ಕೆಲಸ. ಎಸಿ ಇದೆ, ವಾರಕ್ಕೆ ಎರಡು ದಿನ ರಜೆ ಇದೆ. ಆ ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಳ್ಳುವುದು ಬಿಟ್ಟು ಕಡಲಿಗೆ ಬಿದ್ದವರನ್ನು ಎತ್ತಲು ಹೋಗುತ್ತಾನೆ. ಬಿಟ್ಟಿ ಕೆಲಸ. ಮಗ ದೋಣಿ ಹತ್ತುವುದು ಬೇಡವೆಂದು ಅವನಪ್ಪ ಜೀವಮಾನವಿಡೀ ಮೀನು ಹಿಡಿದು ಅವನನ್ನು ಓದಿಸಿದರು. ಇವನು ಮರುಭೂಮಿಗೆ ಬಂದು ದೋಣಿ ತೆಗೆದುಕೊಂಡ.

ದೋಣಿಯಲ್ಲಿ ಮೂವರು. ನನ್ನ ಮಗ, ಹೋಟೆಲಿನಲ್ಲಿ ಅಡುಗೆ ಮಾಡುವ ಒಬ್ಬ ಕೊಂಕಣಿ ಕ್ರಿಶ್ಚಿಯನ್, ಮತ್ತೆ ಉಡುಪಿ ಕಡೆಯ ಒಬ್ಬ ಅಕೌಂಟೆಂಟ್. ಈ ಅಕೌಂಟೆಂಟನಿಗೆ ದೋಣಿ ಸ್ವಲ್ಪ ಅಲುಗಿದರೆ ವಾಂತಿ. ಆದರೂ ಬಿಡುವುದಿಲ್ಲ. ಸರ್ಕಾರದ ಪರವಾನಗಿ ಮಾಡಿಸಿಕೊಂಡಿದ್ದಾರೆ. ಕರಾವಳಿ ಪಡೆಯ ದೊಡ್ಡ ಬೋಟುಗಳು ದೂರ ನೋಡಿಕೊಳ್ಳುತ್ತವೆ, ಇವರದು ದಡದ ಹತ್ತಿರದ ಕೆಲಸ. ಗಾಳಿ ತುಂಬಿದ ಹಾಸಿಗೆ, ರಬ್ಬರಿನ ಹಂಸ, ಮೊಸಳೆ ಇವುಗಳ ಮೇಲೆ ಮಲಗಿ ನಿದ್ದೆ ಮಾಡುವವರನ್ನು ಬೆಳಗಿನ ಗಾಳಿ ಮೆಲ್ಲಗೆ ಹೊರಗೆ ತಳ್ಳುತ್ತದೆ. ಬೀಚಿನ ಕಾವಲಿನವರು ಫೋನ್ ಮಾಡಿದರೆ ಇವರು ಓಡುತ್ತಾರೆ.

ಇಂಥ ಕೆಲಸದಲ್ಲಿ ಅಪಾಯವೆಂದರೆ ಅಲೆ, ಗಾಳಿ ಎಂದು ನಾನು ತಿಳಿದಿದ್ದೆ. ಅಲ್ಲ. ಅಪಾಯ ಇವರು ಎತ್ತಬೇಕಾದ ಮನುಷ್ಯ. ಅಲೆ ಕುತ್ತಿಗೆಗೆ ಜೋತು ಬೀಳುವುದಿಲ್ಲ, ಮನುಷ್ಯ ಬೀಳುತ್ತಾನೆ.

ಅವರಲ್ಲಿ ಒಂದು ನಿಯಮ ಇದೆ. ದೋಣಿ ಯಾವ ಕಡೆಗೆ ಹೋಗುತ್ತದೆ ಎಂಬುದು ದಡದಲ್ಲಿ ಒಬ್ಬರಿಗೆ ಗೊತ್ತಿರಬೇಕು. ಹೊತ್ತಿಗೆ ಬರದಿದ್ದರೆ ಅವರು ಕರಾವಳಿ ಪಡೆಗೆ ತಿಳಿಸಬೇಕು. ಆ ಒಬ್ಬರು ನನ್ನ ಸೊಸೆ. ಆಸ್ಪತ್ರೆಯಲ್ಲಿ ನರ್ಸ್, ಚುರುಕಿನ ಹೆಂಗಸು.

ಆ ಶನಿವಾರ ಬೆಳಿಗ್ಗೆ ಅವಳಿಗೆ ರಜೆ. ನಾನು ನೀರುದೋಸೆ ಹುಯ್ಯುತ್ತಿದ್ದೆ. ಮಗನಿಗೆ ಫೋನ್ ಬಂತು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದ. ಬರ್ತೇನೆ ಅಮ್ಮ ಅಂದ, ಬಾ ಅಂದೆ. ಸೊಸೆ ಒಳಗಿನಿಂದ ಆಯ್ತು ಅಂದಳು. ಅಷ್ಟೇ.

ಮೀನುಗಾರರ ಮನೆಯಲ್ಲಿ ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವ ಕ್ರಮ ಇಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೆಲವು ಸಲ ಹೋದವನೇ ಬರುವುದಿಲ್ಲ. ಹೊರಟವನೂ ತಾನಾಗಿ ಹೇಳುವುದಿಲ್ಲ. ಸೊಸೆಯೂ ಅಂಥ ಮನೆಯವಳೇ. ಹಾಗಾಗಿ ನಿಯಮವನ್ನು ಪಾಲಿಸಬೇಕಾದವಳು ಬಾಯಿಬಿಡಲಿಲ್ಲ, ನಿಯಮ ಮಾಡಿದವನೂ ಬಾಯಿಬಿಡಲಿಲ್ಲ.

ಹೋದವರು ಸಾಮಾನ್ಯವಾಗಿ ದೋಸೆ ಆರುವುದರೊಳಗೆ ಬರುತ್ತಾರೆ. ಬರಲಿಲ್ಲ. ಸೊಸೆ ಫೋನ್ ಮಾಡಿದಳು, ಹೋಗಲಿಲ್ಲ. ಅಡುಗೆಯವನ ಹೆಂಡತಿಗೆ ಮಾಡಿದಳು. ಅವಳು, ನಮ್ಮಲ್ಲಿಯೂ ಕೇಳ್ಲಿಕ್ಕಿಲ್ಲ ಅಲ್ವಾ ಅಕ್ಕ, ಅಂದಳಂತೆ. ಅಕೌಂಟೆಂಟನ ಹೆಂಡತಿಯ ಉತ್ತರವೂ ಅದೇ. ಮೂರು ಮನೆ, ಎರಡು ಧರ್ಮ, ಮೂಢನಂಬಿಕೆ ಮಾತ್ರ ಒಂದೇ.

ಸೊಸೆ ಕರಾವಳಿ ಪಡೆಗೆ ಫೋನ್ ಮಾಡಿದಳು. ಎಲ್ಲಿಗೆ ಹೋಗಿದ್ದಾರೆ ಎಂದು ಹಿಂದಿಯಲ್ಲಿ ಕೇಳಿದರು. ಸಮುದ್ರಕ್ಕೆ ಅಂದಳು. ಬೋಟು ಕಳಿಸುತ್ತೇವೆ, ಆದರೆ ದುಬೈಯ ಕಡಲು ಸಣ್ಣದಲ್ಲ, ಒಂದು ದಿಕ್ಕಾದರೂ ಹೇಳಿ ಎಂದರಂತೆ. ಫೋನ್ ಮಾಡಿ ಕರೆದ ಬೀಚಿನ ಕಾವಲಿನವನು ಯಾರೆಂಬುದೂ ನಮಗೆ ಗೊತ್ತಿರಲಿಲ್ಲ.

ಸೊಸೆ ಫೋನ್ ಇಟ್ಟು ನನ್ನ ಮುಖ ನೋಡಿದಳು.

"ಅತ್ತೆ, ಒಂದು ಮಾತು ಕೇಳಿದ್ರೆ ಎಂತ ಆಗ್ತಿತ್ತು ನಮಗೆ?"

"ಈಗ ಆದದ್ದೇ ಆಗ್ತಿತ್ತು" ಅಂದೆ. "ಅವ ಎಲ್ಲಿದ್ದಾನೆ ಅಂತ ಗೊತ್ತಿರ್ತಿತ್ತು, ಅಷ್ಟೇ."

ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ದೋಸೆ ಹುಯ್ಯುತ್ತಲೇ ಇದ್ದೆ. ಹಿಟ್ಟು ಮುಗಿಯಿತು. ಮತ್ತೆ ಅಕ್ಕಿ ನೆನೆಹಾಕಿದೆ. ಅವನಪ್ಪ ತಡವಾದ ದಿನಗಳಲ್ಲೂ ಹೀಗೆಯೇ ಏನಾದರೂ ಮಾಡುತ್ತಿದ್ದೆ. ಕೈ ಸುಮ್ಮನಿದ್ದರೆ ತಲೆ ಹೆಣದ ಬಗ್ಗೆ ಯೋಚಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕರಾವಳಿ ಪಡೆಯವರದೇ ಫೋನ್ ಬಂತು. ಸಿಕ್ಕಿದ್ದಾರೆ, ನಾಲ್ವರೂ ಬದುಕಿದ್ದಾರೆ. ಹೋದವರು ಮೂವರಲ್ಲವೇ ಎಂದು ಸೊಸೆಗೆ ಹೊಸ ಗಾಬರಿ.

ನಾಲ್ಕನೆಯವನು ಗುಲಾಬಿ ಬಣ್ಣದ ರಬ್ಬರ್ ಬಾತುಕೋಳಿಯ ಮೇಲೆ ತೇಲಿಹೋಗಿದ್ದ ಒಬ್ಬ ಹಿಂದಿಯವನು. ಭಾರೀ ಆಳು. ಮೂವರು ಸೇರಿ ಎತ್ತುವಾಗ ಅವನು ಹಿಡಿಕೆ ಎಂದುಕೊಂಡು ವೈರ್‌ಲೆಸ್ ಪೆಟ್ಟಿಗೆಯನ್ನು ಹಿಡಿದ. ಅದು ಕಿತ್ತುಬಂತು. ದೋಣಿ ವಾಲಿತು, ಮೂವರ ಫೋನಿದ್ದ ಚೀಲ ನೀರಿಗೆ ಹೋಯಿತು. ಆಮೇಲೆ ನನ್ನ ಬಾತುಕೋಳಿಯನ್ನು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದ, ಮಕ್ಕಳಂತೆ. ಅದನ್ನು ಹಗ್ಗ ಕಟ್ಟಿ ಎಳೆಯುವಾಗ ಹಗ್ಗ ಇಂಜಿನಿನ ಫ್ಯಾನಿಗೆ ಸುತ್ತಿಕೊಂಡಿತು. ಅಲ್ಲಿಗೆ ಖಲಾಸ್. ಕಾಪಾಡಲು ಹೋದವರು, ಕಾಪಾಡಿಸಿಕೊಂಡವನು, ಬಾತುಕೋಳಿ ಎಲ್ಲ ಒಟ್ಟಿಗೆ ಹೊರಗಿನ ಕಡಲಿಗೆ ಹೊರಟರು. ಅಕೌಂಟೆಂಟ್ ವಾಂತಿ ಶುರುಮಾಡಿದ.

ಆ ಭಾರೀ ಮನುಷ್ಯನ ಕುತ್ತಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಫೋನ್ ಇತ್ತು. ಅದು ಬಡಿದುಕೊಳ್ಳುತ್ತಲೇ ಇತ್ತು. ಅವನು ಎತ್ತುವುದಿಲ್ಲ. ಹೆಂಡತಿಯದು, ದಡದಲ್ಲಿ ಕುಳಿತಿದ್ದೇನೆ ಎಂದು ಹೇಳಿದ್ದೇನೆ, ಈಗ ಎತ್ತಿದರೆ ಕೊಲ್ಲುತ್ತಾಳೆ ಎಂದನಂತೆ.

"ಭಾಯಿ, ಎತ್ತದಿದ್ರೆ ಕಡಲು ಕೊಲ್ತದೆ" ಅಂದ ನನ್ನ ಮಗ. "ಯಾರ ಕೈಲಿ ಸಾಯ್ತೀರಿ, ಬೇಗ ಹೇಳಿ."

ಆ ಮನುಷ್ಯ ನಿಜವಾಗಿ ಯೋಚಿಸಿದನಂತೆ. ಕೊನೆಗೆ ಅಡುಗೆಯವನು ಕಿತ್ತುಕೊಂಡು ಎತ್ತಿದ. ಆ ಹೆಂಗಸು ಗಂಡನನ್ನು ಬೈಯುತ್ತಲೇ ಎಲ್ಲವನ್ನೂ ಕೇಳಿದಳು. ಎಲ್ಲಿದ್ದೀರಿ, ಯಾರ ಜೊತೆ, ಎಡಕ್ಕೆ ಯಾವ ಕಟ್ಟಡ ಕಾಣುತ್ತದೆ, ಬಿಸಿಲು ಯಾವ ಕೆನ್ನೆಗೆ ಬೀಳುತ್ತದೆ, ಟೋಪಿ ಯಾಕೆ ಹಾಕಿಲ್ಲ. ಫೋನಿನಿಂದಲೇ ಜಾಗ ಕಳಿಸುವುದನ್ನೂ ಹೇಳಿಕೊಟ್ಟಳು. ಅವಳು ಆ ಜಾಗವನ್ನು ತಿಳಿಸಿದ ಮೇಲೆ ಕರಾವಳಿ ಪಡೆಯ ಬೋಟು ನೇರ ಅಲ್ಲಿಗೇ ಬಂತು.

ಮಗ ಮುಖವೆಲ್ಲ ಸುಟ್ಟುಕೊಂಡು ಸಂಜೆ ಮನೆಗೆ ಬಂದ. ಇನ್ನು ಹೋಗಬೇಡ ಎಂದು ನಾನು ಹೇಳಲಿಲ್ಲ, ಹೇಳಿದರೆ ಕೇಳುವ ಜಾತಿಯಲ್ಲ. ಮೂರು ಮನೆಯವರೂ ಕುಳಿತು ಮಾತಾಡಿದೆವು. ಇನ್ನು ಮುಂದೆ ಕೇಳಲೇಬೇಕು ಎಂದು ಎಲ್ಲರೂ ಒಪ್ಪಿದರು. ಯಾರು ಕೇಳುವುದು ಎಂದಾಗ ಮೂವರು ಹೆಂಡತಿಯರೂ ನೆಲ ನೋಡಿದರು. ನಾನೂ ನೋಡಿದೆ.

ಆ ಬಾತುಕೋಳಿಯವನ ಹೆಂಡತಿಯನ್ನೇ ದಡದವಳಾಗಿ ಮಾಡಿದರೆ ಹೇಗೆ ಎಂದು ಅಡುಗೆಯವನು ಕೇಳಿದ. ಅವಳು ನಮ್ಮ ಕಡೆಯವಳಲ್ಲ, ಅವಳು ಕೇಳಿದರೆ ದೋಷ ತಟ್ಟುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟೆ. ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಈಗ ದೋಣಿ ನೀರಿಗಿಳಿಯುವ ಮೊದಲೇ ಅವಳ ಫೋನ್ ಬರುತ್ತದೆ. ಮೂವರೂ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತು ಉತ್ತರ ಕೊಡುತ್ತಾರಂತೆ. ಅದು ಮುಗಿದ ಮೇಲೆ ನನಗೂ ಫೋನ್ ಮಾಡಿ ಅವರು ಹೋದ ಜಾಗ ಹೇಳುತ್ತಾಳೆ. ಆಮೇಲೆ ನನ್ನ ಮಂಡಿನೋವು, ಸಕ್ಕರೆ, ನಿನ್ನೆಯ ಸಾರು ಎಲ್ಲ ವಿಚಾರಿಸುತ್ತಾಳೆ. ನನ್ನ ಹರಕು ಹಿಂದಿಯಲ್ಲಿ ಹೇಳುತ್ತೇನೆ. ಫೋನ್ ಇಡಲು ಬಿಡುವುದಿಲ್ಲ. ನಾನೂ ಇಡುವುದಿಲ್ಲ, ಅವನು ಬರುವವರೆಗೆ.